ಸೇಬಿನ ಸಸಿಗೆ ಜಾಗ ಹುಡುಕುವುದು

ಹಿಮದ ನಾಡಿಗೆ ಬಂದು ನಾಲ್ಕು ತಿಂಗಳಾಗಿದೆಯೆಂದೂ, ಹಿತ್ತಲಿನಲ್ಲಿ ಪರ್ಮಾಕಲ್ಚರ್ (ಪ್ರಕೃತಿಯ ಮಾದರಿಯಲ್ಲಿ ಗಿಡಮರಗಳನ್ನು ಒಟ್ಟಿಗೆ ಬೆಳೆಸುವ ಪದ್ಧತಿ) ತೋಟ ಮಾಡುವ ಆಸೆಯಿಂದ ಮೊದಲಿಗೆ ಒಂದು ಸೇಬಿನ ಸಸಿ ನೆಡಬೇಕೆಂದಿರುವಿರೆಂದೂ ಬರೆದಿದ್ದೀರಿ. ದಕ್ಷಿಣದ ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿ, ಅದಕ್ಕೆ ಕಾಂಪೋಸ್ಟ್ ತುಂಬಿ ನೆಟ್ಟರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಹದಿನೆಂಟು ವರ್ಷಗಳ ಹಿಂದೆ ನಾನು ಮಾಡಿದ್ದೂ ಅದನ್ನೇ. ಆ ಸಸಿ ಉಳಿಯಲಿಲ್ಲ.

ಸೇಬಿಗೆ ಚಳಿ ಶತ್ರುವಲ್ಲ. ಬಹುತೇಕ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ತಂಪು ನೂರಾರು ಗಂಟೆ ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದೇ ಇಲ್ಲ. ತೊಂದರೆ ಕೊಡುವುದು ಹೊತ್ತಲ್ಲದ ಹೊತ್ತಿನ ಬಿಸುಪು. ಗೋಡೆಯ ಕಾವಿಗೆ ಗಿಡ ಬೇಗ ಹೂಬಿಟ್ಟು, ಆಮೇಲೆ ಒಂದು ರಾತ್ರಿ ಉಷ್ಣತೆ ಮೈನಸ್ 2ಕ್ಕೆ ಇಳಿದರೆ ಕೆಲವು ಹೂಗಳು ಸಾಯುತ್ತವೆ, ಮೈನಸ್ 4ಕ್ಕೆ ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತವೆ. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ಈಗ ಹಿಮ ಕರಗುವ ದಿನಗಳಲ್ಲಿ ಬೆಳಗಿನ ಜಾವ ಎದ್ದು, ಹಿತ್ತಲಿನ ಯಾವ ಮೂಲೆಯಲ್ಲಿ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿ ಕೊನೆಯವರೆಗೂ ಉಳಿಯುತ್ತದೆಂದು ನೋಡಿ, ಆ ಮೂಲೆಯನ್ನು ಬಿಟ್ಟುಬಿಡಿ. ಇಳಿಜಾರಿನ ನಡುಭಾಗ ಸಿಕ್ಕರೆ ಒಳ್ಳೆಯದು.

ಗುಂಡಿ ಬೇರಿನ ಹರವಿಗಿಂತ ಎರಡು ಮೂರು ಪಟ್ಟು ಅಗಲವಿರಲಿ, ಆದರೆ ಬೇರಿಗಿಂತ ಆಳವಾಗುವುದು ಬೇಡ. ತೆಗೆದ ಮಣ್ಣನ್ನೇ ಮರಳಿ ತುಂಬಿ, ಕಾಂಪೋಸ್ಟನ್ನು ಮೇಲೆ ಹರಡಿ. ಜೇಡಿ ನೆಲದಲ್ಲಿ ಗೊಬ್ಬರ ತುಂಬಿದ ಗುಂಡಿ ಬಕೆಟ್ಟಿನಂತೆ ನೀರು ಹಿಡಿಯುತ್ತದೆ, ಬೇರುಗಳೂ ಅದರೊಳಗೇ ಸುತ್ತುತ್ತವೆ. ಕಸಿಯ ಗಂಟು ನೆಲದಿಂದ ಐದಾರು ಸೆಂಟಿಮೀಟರಾದರೂ ಮೇಲಿರಬೇಕು. ಕೊಳ್ಳುವಾಗ ಹಣ್ಣಿನ ಹೆಸರಷ್ಟೇ ಅಲ್ಲ, ರೂಟ್‌ಸ್ಟಾಕ್ (ಕಸಿಗೆ ಬೇರು ಕೊಡುವ ಬುಡದ ಗಿಡ) ಯಾವುದೆಂದೂ ಕೇಳಿ: ಎಂ 9 ಆದರೆ ಮರ ಗಿಡ್ಡ, ಬದುಕಿರುವಷ್ಟು ಕಾಲವೂ ಊರುಗೋಲು ಬೇಕು, ಆಂಟೊನೊವ್ಕಾ ಆದರೆ ಮರ ದೊಡ್ಡದು, ಕಡು ಚಳಿಯನ್ನು ತಾಳುತ್ತದೆ.

ಇನ್ನು ನನ್ನ ಸಸಿಯ ಕಥೆ. ಚಳಿಯಾದೀತೆಂದು, ಮಗುವಿಗೆ ಕಂಬಳಿ ಹೊದಿಸಿದಂತೆ, ಬುಡದ ಸುತ್ತ ಒಣಹುಲ್ಲು ಒಟ್ಟಿದ್ದೆ. ಹಿಮ ಕರಗಿದ ಮೇಲೆ ನೋಡಿದರೆ ಅಂಗೈ ಅಗಲದಷ್ಟು ತೊಗಟೆ ಸುತ್ತಲೂ ಮಾಯವಾಗಿ, ಒಳಗಿನ ಬಿಳಿ ಮರದ ಮೇಲೆ ಬಾಚಣಿಗೆ ಎಳೆದಂಥ ಸಣ್ಣ ಹಲ್ಲಿನ ಗೆರೆಗಳಿದ್ದವು. ವೋಲ್ ಎಂಬ ಮೋಟುಬಾಲದ ಇಲಿ ಹುಲ್ಲಿನೊಳಗೆ ಬೆಚ್ಚಗೆ ಕುಳಿತು ಚಳಿಗಾಲವಿಡೀ ಮೇಯ್ದಿತ್ತು. ಅಷ್ಟಾದರೂ ಆ ವಸಂತದಲ್ಲಿ ಗಿಡ ಚಿಗುರಿತು, ನಾನು ನಂಬಿದೆ, ಬೇಸಗೆಯ ನಡುವೆ ಒಣಗಿತು. ಆದ್ದರಿಂದ ಮರದ ಚಕ್ಕೆಯ ಹೊದಿಕೆ ಹಾಕಿ, ಆದರೆ ಕಾಂಡದ ಸುತ್ತ ಒಂದು ಗೇಣು ಬರಿನೆಲ ಬಿಡಿ. 6 ಮಿಲಿಮೀಟರ್ ಕಣ್ಣಿನ ತಂತಿಬಲೆಯನ್ನು ಕೊಳವೆಯಂತೆ ಸುತ್ತಿ, ಕೆಳಗೆ ಮಣ್ಣಿನಲ್ಲಿ ಹೂತು, ಹಿಮದ ಮಟ್ಟಕ್ಕಿಂತ ಮೇಲಕ್ಕೆ ಬರುವಂತೆ ನಿಲ್ಲಿಸಿ.

ಸುತ್ತಲೂ ಕ್ಲೋವರ್, ಕಾಂಫ್ರೆ ಮುಂತಾದ ಜೊತೆಗಿಡಗಳನ್ನು ಹೇಗೆ ಜೋಡಿಸಬೇಕೆಂದೂ ಕೇಳಿದ್ದೀರಿ. ಪರ್ಮಾಕಲ್ಚರ್ ಬಳಗದವರು ಮುನಿಸಿಕೊಂಡರೂ ಸರಿಯೇ, ನನ್ನ ಮಟ್ಟಿಗೆ ಅದಕ್ಕೆ ಆತುರವಿಲ್ಲ; ಮೊದಲ ಎರಡು ವರ್ಷ ಬುಡಕ್ಕೆ ಹುಲ್ಲು ಬಾರದಂತೆ ನೋಡಿಕೊಂಡು, ಮಳೆಯಿಲ್ಲದ ವಾರಗಳಲ್ಲಿ ನೀರುಣಿಸಿದರೆ ಸಾಕು. ಅದಕ್ಕಿಂತ ಮುಖ್ಯವಾದುದು, ಒಂದೇ ಸಸಿ ಎಂದಿದ್ದೀರಲ್ಲ, ಅದು. ಬೇರೊಂದು ತಳಿಯ ಪರಾಗ ಸಿಗದೆ ಸೇಬು ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಹೂ ಬಿಡುವ ಕಾಲದಲ್ಲಿ ಬೇಲಿಯಾಚೆ ಸೇಬೋ ಕ್ರ್ಯಾಬ್‌ಆಪಲ್ಲೋ (ಸಣ್ಣ ಹುಳಿ ಕಾಯಿಯ ಸೇಬಿನ ಜಾತಿ) ಕಾಣದಿದ್ದರೆ, ಒಟ್ಟಿಗೆ ಹೂ ಬಿಡುವ ಎರಡು ತಳಿಗಳನ್ನು ತನ್ನಿ.