ಗ್ರೀಕ್ ಮಾತನಾಡುತ್ತಿದ್ದ ಬೈಜಾಂಟೈನರು, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಜನರು, ತಮ್ಮನ್ನು ರೋಮನ್ನರೆಂದು ಕರೆದುಕೊಂಡದ್ದೇಕೆ?

ಮೂಲ ಕಾರಣ ಕಾನೂನಿನದು. ಕ್ರಿ.ಶ. 212ರಲ್ಲಿ ರೋಮನ್ ಚಕ್ರವರ್ತಿ ಕ್ಯಾರಕಲ್ಲ ತನ್ನ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೆ ಪೌರತ್ವ ನೀಡಿದ ಮೇಲೆ, ರೋಮನ್ ಎಂಬ ಹೆಸರು ಒಂದು ನಗರಕ್ಕಾಗಲಿ ಲ್ಯಾಟಿನ್ ಭಾಷೆಗಾಗಲಿ ಸೀಮಿತವಾಗಿ ಉಳಿಯಲಿಲ್ಲ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಹೊಸ ರಾಜಧಾನಿಯಾಯಿತು. ಪಶ್ಚಿಮದಲ್ಲಿ 476ರಲ್ಲಿ ಚಕ್ರಾಧಿಪತ್ಯ ಕೊನೆಗೊಂಡರೂ ಪೂರ್ವದಲ್ಲಿ ಅದೇ ರಾಜ್ಯ 1453ರವರೆಗೆ ಮುಂದುವರಿಯಿತು. ಅಲ್ಲಿನ ಜನರಿಗೆ ತಾವು 'ರೊಮಾಯೊಯ್', ಅಂದರೆ ರೋಮನ್ನರು, ಎಂಬುದರಲ್ಲಿ ಸಂದೇಹವಿರಲಿಲ್ಲ. 'ಹೆಲ್ಲೀನ್' (ಗ್ರೀಕ) ಎಂಬ ಹಳೆಯ ಹೆಸರಿಗಾದರೋ ಕ್ರೈಸ್ತ ಬರಹಗಳಲ್ಲಿ ಹಳೆಯ ದೇವತೆಗಳನ್ನು ಪೂಜಿಸುವವನು ಎಂಬ ಅರ್ಥ ಅಂಟಿಕೊಂಡಿದ್ದುದರಿಂದ, ಶತಮಾನಗಳ ಕಾಲ ಅದನ್ನು ತಮಗೆ ಹಚ್ಚಿಕೊಳ್ಳಲು ಅವರು ಹಿಂಜರಿದರು. ಅವರನ್ನು ಬೈಜಾಂಟೈನರೆಂದು ಕರೆಯುವ ರೂಢಿ ಆ ರಾಜ್ಯ ಅಳಿದ ಮೇಲೆ ಯುರೋಪಿನ ವಿದ್ವಾಂಸರಿಂದ ಬಂದದ್ದು. ಆ ಜನರ ಸ್ವಂತ ಗುರುತನ್ನೇ ಅದು ಮರೆಮಾಡಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಅರಬರು ಮತ್ತು ತುರ್ಕರು ಇದೇ ಹೆಸರನ್ನು 'ರೂಮ್' ಎಂದು ಬಳಸಿದರು. ರೋಮನ್ನರಿಂದ ಗೆದ್ದ ಅನಟೋಲಿಯದಲ್ಲಿ (ಇಂದಿನ ತುರ್ಕಿಯ ಏಷ್ಯಾ ಭಾಗದಲ್ಲಿ) ಸೆಲ್ಜುಕ್ ತುರ್ಕರು ಆಳಿದ್ದು ರೂಮ್ ಸುಲ್ತಾನಶಾಹಿಯನ್ನು. ಅಲ್ಲಿನ ಕೊನ್ಯದಲ್ಲಿ ನೆಲೆಸಿ 1273ರಲ್ಲಿ ತೀರಿಕೊಂಡ ಕವಿ ಜಲಾಲುದ್ದೀನನಿಗೆ 'ರೂಮಿ' ಎಂಬ ಹೆಸರು ಬಂದದ್ದೂ ಆ ನಾಡಿನಿಂದಲೇ. ಆಟೊಮನ್ ಆಡಳಿತದಲ್ಲಿ ಮಾತ್ರ 'ರೂಮ್' ಎಂದರೆ ಮುಖ್ಯವಾಗಿ ಆರ್ಥೊಡಾಕ್ಸ್ ಕ್ರೈಸ್ತರ ಸಮುದಾಯವೆಂದಾಯಿತು. ಭಾರತದಲ್ಲಿ ಅದಕ್ಕೆ ಭಿನ್ನವಾಗಿ, ಆಟೊಮನ್ ನಾಡಿನಿಂದ ಬಂದ ಮುಸ್ಲಿಮನೂ ರೂಮಿಯೇ: ಇಂದು ವಿಜಯಪುರದಲ್ಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ.