ಬಸ್ಸು, ರೈಲು ಎಲ್ಲರಿಗೂ ಫ್ರೀ ಮಾಡಿ, ಖರ್ಚನ್ನು ತೆರಿಗೆಯಿಂದ ತುಂಬಬಹುದಾ?

ಮಾಡಬಹುದು, ಆದರೆ ಎಲ್ಲ ಕಡೆಗೂ ಹೊಂದುವುದಿಲ್ಲ. ಓಡಿಸುವ ಖರ್ಚಿನಲ್ಲಿ ಟಿಕೆಟ್ ದುಡ್ಡಿನ ಪಾಲು ಎಷ್ಟು ಅನ್ನುವುದನ್ನು ಮೊದಲು ನೋಡಬೇಕು.

ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಬಸ್, ಟ್ರಾಮ್, ರೈಲುಗಳನ್ನು ಉಚಿತ ಮಾಡಿತು. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ಈಗಲೂ ಟಿಕೆಟ್ ಬೇಕು. ಅಲ್ಲಿ ಟಿಕೆಟ್‌ನಿಂದ ಬರುತ್ತಿದ್ದದ್ದು ಖರ್ಚಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಮಿಕ್ಕಿದ್ದನ್ನು ಮೊದಲೇ ತೆರಿಗೆ ಹೊರುತ್ತಿತ್ತು. ಅಷ್ಟನ್ನು ಬಿಟ್ಟುಕೊಡುವುದು ಕಷ್ಟವಾಗಲಿಲ್ಲ. ಶ್ರೀಮಂತ ದೇಶ ಬೇರೆ!

ನಮ್ಮಲ್ಲಿ ಲೆಕ್ಕ ಉಲ್ಟಾ. ಸಾರಿಗೆ ನಿಗಮಗಳ ಡೀಸೆಲ್‌ಗೆ, ಸಂಬಳಕ್ಕೆ ಟಿಕೆಟ್ ದುಡ್ಡೇ ಮುಖ್ಯ ಆಸರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕಂಡಕ್ಟರ್ ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುವುದು ಸುಮ್ನೆ ಅಲ್ಲ. ಆ ಟಿಕೆಟ್‌ಗಳ ಲೆಕ್ಕ ಹಿಡಿದು ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಆ ಹಣ ತಡವಾದರೆ ಹೊಸ ಬಸ್ ಕೊಳ್ಳುವುದು ಕಷ್ಟ, ಇರುವ ಬಸ್ಸುಗಳಲ್ಲಿ ನೂಕುನುಗ್ಗಲು ಜಾಸ್ತಿ.

ಹೆಚ್ಚುವರಿ ತೆರಿಗೆ ದುಡ್ಡು ಸಿಕ್ಕರೆ ಎಲ್ಲರಿಗೂ ಫ್ರೀ ಮಾಡುವ ಮೊದಲು, ದಿನಕ್ಕೆ ಎರಡೇ ಬಸ್ ಬರುವ ಹಳ್ಳಿಗೆ ಮೂರನೆಯದನ್ನು ಬಿಡಿ ಅಂತ ನಾನು ಹೇಳುತ್ತೇನೆ.