ಕಡಲ ತಳದಲ್ಲಿ ಬದುಕುವ ಪ್ರಾಣಿಯಾದ ಗಾಜು ಸ್ಪಂಜಿನ ಮೈಯೊಳಗೆ ನೀರು ಹೇಗೆ ಹರಿಯುತ್ತದೆ? ಕೆಸರು ಬಂದರೆ ಏನು ಮಾಡುತ್ತದೆ?

ನೀರೆಳೆಯುವ ಪಂಪು ಅಂದರೆ ಕಶಾಂಗಗಳು, ಅಂದರೆ ಚಾಟಿಯಂತೆ ಬಡಿಯುವ ಸೂಕ್ಷ್ಮ ಎಳೆಗಳು. ಹೊರಪದರದ ಸಣ್ಣ ರಂಧ್ರಗಳಿಂದ ಒಳಬಂದ ನೀರು ಕಾಲುವೆಗಳ ಮೂಲಕ ಕಶಾಂಗ ಕೋಣೆಗಳನ್ನು ಸೇರುತ್ತದೆ. ಪ್ರತಿ ಕಶಾಂಗದ ಸುತ್ತ ಸೂಕ್ಷ್ಮ ಎಳೆಗಳ ಕೊರಳಪಟ್ಟಿ ಇರುತ್ತದೆ. ನೀರು ಈ ಜರಡಿಯನ್ನು ಹಾದೇ ಹೋಗಬೇಕು, ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿಬೀಳುತ್ತವೆ. ಸೋಸಿದ ನೀರು ನಡುವಿನ ಟೊಳ್ಳಿಗೆ ಬಂದು ಮೇಲಿನ ದೊಡ್ಡ ತೂತಿನಿಂದ ಹೊರಬೀಳುತ್ತದೆ. ಅದನ್ನು ಬಾಯಿ ಅನ್ನುವವರಿದ್ದಾರೆ; ನಿಜಕ್ಕೂ ಅದು ಹೊರದಾರಿ.

ಕೆಸರೇ ದೊಡ್ಡ ತೊಂದರೆ. ಬೇರೆ ಸ್ಪಂಜುಗಳು ಮೈ ಕುಗ್ಗಿಸಿ ಕಾಲುವೆ ಮುಚ್ಚಿಕೊಳ್ಳಬಲ್ಲವು. ಗಾಜಿನಂಥ ಸಿಲಿಕಾ ಅಸ್ಥಿಪಂಜರದ ಗಾಜು ಸ್ಪಂಜಿಗೆ ಅದು ಆಗದು. ಆದರೆ ಅದರ ಅಂಗಾಂಶದ ಬಹುಪಾಲು ಜೀವಕೋಶಗಳ ನಡುವೆ ಗೋಡೆಯಿಲ್ಲದೆ ಒಂದಕ್ಕೊಂದು ಬೆಸೆದ ಒಂದೇ ಜೀವದ್ರವ್ಯದ ಬಲೆ. ಹಾಗಾಗಿ, ನರವೇ ಇಲ್ಲದಿದ್ದರೂ, ವಿದ್ಯುತ್ ಸಂಕೇತ ಮೈತುಂಬ ಹರಡಿ ಕಶಾಂಗಗಳನ್ನು ನಿಲ್ಲಿಸುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ರ‍್ಯಾಬ್ಡೋಕ್ಯಾಲಿಪ್ಟಸ್ ಡಾಸನಿ ಎಂಬ ಗಾಜು ಸ್ಪಂಜಿನಲ್ಲಿ ಈ ಸಂಕೇತದ ವೇಗ ಸೆಕೆಂಡಿಗೆ ಸುಮಾರು 0.27 ಸೆಂ.ಮೀ. ನಮ್ಮ ನರಗಳೆದುರು ಇದು ಆಮೆನಡಿಗೆ, ಆದರೂ ಸಾಕು. ಕೆಸರು ಬಹಳ ಹೊತ್ತು ಬರುತ್ತಲೇ ಇದ್ದರೆ ಮಾತ್ರ ಪಂಪು ಮತ್ತೆ ಮತ್ತೆ ನಿಂತು ಆಹಾರ, ಆಮ್ಲಜನಕ ಎರಡಕ್ಕೂ ಕೊರತೆಯಾಗುತ್ತದೆ. ಅಲ್ಲಿನ ಗಾಜು ಸ್ಪಂಜಿನ ದಿಬ್ಬಗಳ ಬಳಿ ತಳ ಕೆರೆಯುವ ಬಲೆ ಎಳೆಯಬಾರದು ಎನ್ನುವುದು ಇದಕ್ಕೂ ಸೇರಿಯೇ.